ಕಳ್ಳಿಗಿಡಗಳ ಪರವಾಗಿ ಎರಡು ಮಾತು

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಪರೀಕ್ಷೆಯ ಫಲಿತಾಂಶವನ್ನೋ ಕಟ್ಟಡದ ನಿಧಿಯನ್ನೋ ಕುರಿತದ್ದಾಗಿರುವುದೆಂದು ಓದುಗರು ಎಣಿಸುವುದು ಸಹಜ. ಅವೆರಡಕ್ಕೂ ಬೇರೆ ಪುಟಗಳುಂಟು. ಈ ಸಲ ನಾವು ಕಳ್ಳಿಗಿಡಗಳ ವಿಷಯವಾಗಿ ಬರೆಯಲು ಉದ್ದೇಶಿಸಿದ್ದೇವೆ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಮನೆಯ ಮುಂದೆ ಯಾವ ಗಿಡವಿರಬೇಕೆಂಬ ಪ್ರಶ್ನೆಯು, ಅದಕ್ಕೆ ನೀರನ್ನು ಯಾರು ಹೊರಬೇಕೆಂಬ ಪ್ರಶ್ನೆಯೂ ಆಗಿರುವುದರಿಂದ, ಬಾಲಿಕೆಯರ ಶಾಲೆಗೆ ಇದು ಅಲ್ಪವಾದುದಲ್ಲ.

ನಮ್ಮ ಸೀಮೆಯ ಸ್ಥಿತಿಯು ಎಲ್ಲರಿಗೂ ತಿಳಿದದ್ದೇ. ಸಹ್ಯಾದ್ರಿಯು ಮುಂಗಾರಿನ ಮೋಡಗಳನ್ನು ತಡೆದು ತನ್ನ ಪಡುವಣ ಮಗ್ಗುಲಿಗೆ ಸುರಿಸಿಕೊಂಡ ಮೇಲೆ ಉಳಿದ ಗಾಳಿಯು ನಮ್ಮ ಪಾಲಿಗೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವಾಗ ಚಳ್ಳಕೆರೆಯ ಸರಾಸರಿ ಮಳೆಯು ೫೦೦ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅದು ಬೆಂಗಳೂರಿನ ಮಳೆಯ ಸರಿಸುಮಾರು ಅರ್ಧ. ಅದರಲ್ಲಿಯೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ ಒಟ್ಟಿಗೆ ಸುರಿದುಹೋಗುತ್ತದೆ. ಹೀಗಿದ್ದರೂ ನಮ್ಮ ಮನೆಯಂಗಳದ ಕಲ್ಪನೆಯು ಬೆಂಗಳೂರಿನಿಂದ ಕಡ ತಂದದ್ದು. ಗುಲಾಬಿ ಬೇಕು, ಕ್ರೋಟನ್ ಬೇಕು, ಸಾಧ್ಯವಾದರೆ ಅಂಗೈಯಗಲ ಹಸುರು ಹುಲ್ಲೂ ಬೇಕು. ನೀರೆಲ್ಲಿಂದ ಬರುವುದೆಂಬುದನ್ನು ಗಿಡ ತಂದ ದಿನ ಯಾರೂ ಕೇಳುವುದಿಲ್ಲ.

ಅದನ್ನು ಕೇಳಬೇಕಾದವಳು ಮನೆಯ ಹುಡುಗಿ. ನಲ್ಲಿಯಲ್ಲಿ ನೀರು ಬಾರದ ದಿನ ಕೊಡ ಹಿಡಿದು ಹೋಗುವವಳು ಅವಳೇ. ಟ್ಯಾಂಕರಿನ ಮುಂದೆ ಸರತಿಯಲ್ಲಿ ನಿಲ್ಲುವವಳೂ ಅವಳೇ. ಅಣ್ಣತಮ್ಮಂದಿರು ಆಗ ಪಾಠ ಓದುತ್ತಿರುತ್ತಾರೆ. ಬೇಸಗೆಯಲ್ಲಿ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ತಡವಾಗಿ ಬಂದು ತರಗತಿಯ ಬಾಗಿಲಲ್ಲಿ ನಿಂತಾಗ ಕಾರಣವನ್ನು ವಿಚಾರಿಸಿದರೆ, ಹತ್ತರಲ್ಲಿ ಆರು ಸಲ ಉತ್ತರವು ನೀರೇ ಆಗಿರುತ್ತದೆ. ಕುಡಿಯಲು, ಅಡಿಗೆಗೆ, ದನಕರುಗಳಿಗೆ ನೀರು ತರುವುದನ್ನು ಬಿಡುವಂತಿಲ್ಲ. ಆದರೆ ಅಂದಕ್ಕಾಗಿ ನೆಟ್ಟ ಗಿಡಕ್ಕೋಸ್ಕರ ಒಂದು ಕೊಡ ಹೆಚ್ಚಾಗಿ ಹೊರಿಸುವುದು ನ್ಯಾಯವಲ್ಲವೆಂಬುದೇ ನಮ್ಮ ಅಭಿಪ್ರಾಯ. ಹಾಗೆಂದು ಅಂಗಳವು ಬರಿದಾಗಿರಬೇಕೆಂದು ನಾವು ಹೇಳುವುದಿಲ್ಲ. ಈ ನೆಲಕ್ಕೆ ಒಗ್ಗಿದ ಗಿಡಗಳನ್ನು ದೇವರು ಧಾರಾಳವಾಗಿ ಸೃಷ್ಟಿಸಿದ್ದಾನೆ. ಅವುಗಳನ್ನು ಬೇಲಿಯಾಚೆ ನಿಲ್ಲಿಸಿದವರು ನಾವು.

ಇದನ್ನು ಹೇಳಿದೊಡನೆ ಬರುವ ಮೊದಲನೆಯ ಆಕ್ಷೇಪಣೆಯು, ಮನೆಯ ಮುಂದೆ ಕಳ್ಳಿಯಿರುವುದು ಅಶುಭವೆಂಬುದು. ಜಗಳದಲ್ಲಿ ‘ನಿನ್ನ ಮನೆ ಎಕ್ಕ ಹುಟ್ಟಿಹೋಗಲಿ’ ಎಂದು ಶಪಿಸುವ ನಾಡಿನಲ್ಲಿ ಈ ಭಯವು ಆಶ್ಚರ್ಯವಲ್ಲ. ಆದರೆ ವಿಚಾರಮಾಡಿ ನೋಡಬೇಕು. ಎಕ್ಕವೂ ಕಳ್ಳಿಯೂ ಹುಟ್ಟಿದ್ದರಿಂದ ಮನೆಯು ಹಾಳಾಗಲಿಲ್ಲ. ಮನೆ ಹಾಳಾಗಿ ನೀರೆರೆಯುವವರು ಇಲ್ಲದೆ ಹೋದಾಗಲೂ ಬದುಕಬಲ್ಲ ಗಿಡಗಳು ಅವೇ ಆದುದರಿಂದ ಅಲ್ಲಿ ಉಳಿದುವು. ಇದು ಫಲವನ್ನು ಕಾರಣವೆಂದು ತಿಳಿಯುವ ತಪ್ಪು. ಮೇಲಾಗಿ, ಕಳ್ಳಿ ಅಶುಭವೆನ್ನುವ ಮನೆಯ ಬಾಗಿಲಲ್ಲಿಯೇ ದೃಷ್ಟಿ ತಾಕದಿರಲೆಂದು ಲೋಳೆಸರವನ್ನು ಬೇರು ಮೇಲಾಗಿ ತೂಗಹಾಕಿರುವುದನ್ನು ನಾವು ಕಾಣುತ್ತೇವೆ. ಆ ನಂಬಿಕೆಯ ಮಾತು ಹಾಗಿರಲಿ. ಮಣ್ಣೂ ನೀರೂ ಇಲ್ಲದೆ ತಿಂಗಳುಗಟ್ಟಲೆ ತೂಗಾಡುತ್ತ ಹಸುರಾಗಿರುವ ಆ ಗಿಡವನ್ನು ದಿನವೂ ಹೊಸಲು ದಾಟುವಾಗ ನೋಡುವವರು ಅದರ ಗುಣವನ್ನು ಅರಿಯದಿರುವುದು ಸೋಜಿಗ. ಇನ್ನು ಮುಳ್ಳಿನ ಮಾತು. ನಮ್ಮ ಸೀಮೆಯ ಕಾಡುಗೊಲ್ಲರು ತಮ್ಮ ಹಟ್ಟಿಗಳಿಗೆ ಮುಳ್ಳಿನ ಬೇಲಿಯನ್ನೇ ಕೋಟೆಯಾಗಿ ಮಾಡಿಕೊಂಡವರು. ಮುಳ್ಳನ್ನು ಕಾವಲುಗಾರನೆಂದು ತಿಳಿದವರ ನಡುವೆ ಇದ್ದು ನಾವು ಅದನ್ನು ಶತ್ರುವೆಂದು ಭಾವಿಸಬೇಕಾಗಿಲ್ಲ.

ಬೆಳೆಸಲು ಹೊರಡುವವಳು ಮೊದಲು ಒಂದು ಭೇದವನ್ನು ತಿಳಿದಿರುವುದು ಒಳ್ಳೆಯದು. ನಾವು ಕಳ್ಳಿಯೆಂದು ಒಟ್ಟಿಗೆ ಕರೆಯುವುದರಲ್ಲಿ ಎರಡು ಬೇರೆ ಬೇರೆ ವಂಶಗಳುಂಟು. ಚದುರಕಳ್ಳಿ, ಎಲೆಗಳ್ಳಿ ಮೊದಲಾದುವು ನಮ್ಮ ನೆಲದವು. ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಪಾಪಾಸುಕಳ್ಳಿಯೂ ಅಂಗಡಿಯಲ್ಲಿ ಕ್ಯಾಕ್ಟಸ್ ಎಂದು ಮಾರುವ ಗುಂಡು ಗಿಡಗಳೂ ಅಮೆರಿಕಾ ಖಂಡದ ಮೂಲದವು. ಇವುಗಳಲ್ಲಿ ಸಾಮಾನ್ಯವಾಗಿ ಇಂಥ ಹಾಲಿರುವುದಿಲ್ಲ. ಮುಳ್ಳುಗಳು ಉಣ್ಣೆಯಂತಹ ಸಣ್ಣ ಚುಕ್ಕೆಯೊಂದರಿಂದ ಗೊಂಚಲಾಗಿ ಹೊರಡುತ್ತವೆ. ‘ಕ್ರೌನ್ ಆಫ್ ಥಾರ್ನ್ಸ್’ ಎಂಬ ಹೆಸರಿನಿಂದ ನಮ್ಮ ಸಭೆಯ ಅನೇಕ ಮನೆಗಳಲ್ಲಿ ಬೆಳೆಸುವ ಕೆಂಪು ಹೂವಿನ ಮುಳ್ಳುಗಿಡವು ಹಾಲುಕಳ್ಳಿಯ ವಂಶದ್ದೇ. ಅದರ ತವರು ಮಡಗಾಸ್ಕರ್ ದ್ವೀಪ. ಆದಕಾರಣ ಕರ್ತನ ಶಿರಸ್ಸಿನ ಮೇಲಿಟ್ಟ ಕಿರೀಟವು ಅದೇ ಗಿಡದ್ದೆಂದು ಮಕ್ಕಳಿಗೆ ಹೇಳುವುದು ಸರಿಯಲ್ಲ. ಲೋಳೆಸರ, ಕತ್ತಾಳೆ, ದೊಡ್ಡಪತ್ರೆ, ಮಂಗರವಳ್ಳಿ, ಕಾಡುಬಸಳೆ ಇವು ಬೇರೆ ಬೇರೆ ವಂಶಗಳವಾದರೂ, ತಮ್ಮ ಎಲೆಯಲ್ಲಿಯೋ ಕಾಂಡದಲ್ಲಿಯೋ ನೀರನ್ನು ಕೂಡಿಡುವ ವಿದ್ಯೆಯನ್ನು ಬಲ್ಲವು.

ಈ ಉಳಿತಾಯದ ರಹಸ್ಯವು ರಾತ್ರಿಯಲ್ಲಿದೆ. ಬೇರೆ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯನ್ನು ತೆಗೆದುಕೊಳ್ಳುವಾಗ ಅವುಗಳ ನೀರು ಆವಿಯಾಗಿ ಹೋಗುತ್ತದೆ. ಕ್ಯಾಕ್ಟಸ್, ಲೋಳೆಸರ, ಕತ್ತಾಳೆ ಮುಂತಾದುವು ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು, ಗಾಳಿಯಿಂದ ಬೇಕಾದುದನ್ನು ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಬೆಳಿಗ್ಗೆ ಬಿಸಿಲು ಬಂದ ಮೇಲೆ ಅದರಿಂದ ಆಹಾರವನ್ನು ಸಿದ್ಧಮಾಡಿಕೊಳ್ಳುತ್ತವೆ. ಪಾಪಾಸುಕಳ್ಳಿಯು ರಾತ್ರಿಯಲ್ಲಿ ಗಾಳಿಯನ್ನು ಹೀರುವುದೆಂಬುದನ್ನು ದ ಸೊಸ್ಯೂರ್ ಎಂಬ ವಿದ್ವಾಂಸನು ೧೮೦೪ರಷ್ಟು ಹಿಂದೆಯೇ ಗುರುತಿಸಿದ್ದನು. ಹೀಗೆ ಬದುಕುವ ಗಿಡಕ್ಕೆ ದಿನವೂ ನೀರೆರೆಯುವುದು ಉಂಡು ಮಲಗಿದವನನ್ನು ಎಬ್ಬಿಸಿ ಮತ್ತೆ ಉಣಿಸಿದಂತೆ. ಬರದ ನಾಡಿನಲ್ಲಿಯೂ ಕುಂಡದ ಕಳ್ಳಿಗಳು ಬಾಯಾರಿ ಸಾಯುವುದಕ್ಕಿಂತ ಕೊಳೆತು ಸಾಯುವುದೇ ಹೆಚ್ಚು.

ಈಗ ಆರಂಭಿಸುವ ಕ್ರಮವನ್ನು ಹೇಳುತ್ತೇವೆ. ಮೂರು ಗಿಡಗಳಿಂದ ಮೊದಲುಮಾಡುವುದು ಉತ್ತಮ: ಒಂದು ಲೋಳೆಸರದ ಮರಿ, ಒಂದು ದೊಡ್ಡಪತ್ರೆಯ ಕಡ್ಡಿ, ಒಂದು ಚದುರಕಳ್ಳಿಯ ತುಂಡು. ಮೂರನ್ನೂ ನೆರೆಹೊರೆಯಲ್ಲಿ ಕೇಳಿ ಪಡೆಯಬಹುದು, ಕಾಸಿನ ಖರ್ಚಿಲ್ಲ. ಇವುಗಳಲ್ಲಿ ದೊಡ್ಡಪತ್ರೆಗೆ ಮಾತ್ರ ಮಧ್ಯಾಹ್ನದ ನೆರಳೂ ಸ್ವಲ್ಪ ಹೆಚ್ಚು ನೀರೂ ಬೇಕು. ಪಾತ್ರೆಯನ್ನು ಗಲಬರಿಸಿದ ನೀರೇ ಅದಕ್ಕೆ ಸಾಕು. ಅಂಗಡಿಯಲ್ಲಿ ಕಾಣುವ ಕೆಂಪು, ಹಳದಿ ತಲೆಯ ಪುಟ್ಟ ಕ್ಯಾಕ್ಟಸ್ ಮಕ್ಕಳ ಮನಸ್ಸನ್ನು ಸೆಳೆಯುವುದು ನಿಜ. ಆದರೆ ಆ ಬಣ್ಣದ ಗುಂಡಿನಲ್ಲಿ ಹಸುರಿಲ್ಲದ ಕಾರಣ ತನ್ನ ಆಹಾರವನ್ನು ಅದು ತಾನೇ ಮಾಡಿಕೊಳ್ಳಲಾರದು. ಬೇರೊಂದು ಹಸುರು ಕಳ್ಳಿಯ ಮೇಲೆ ಕಸಿಮಾಡಿ ಅದನ್ನು ಬದುಕಿಸಿರುತ್ತಾರೆ. ಕೆಲವು ವರ್ಷಗಳಲ್ಲಿ ಅದು ನಶಿಸುವುದು ಸಾಮಾನ್ಯ. ಮತ್ತೆ ಕೆಲವೆಡೆ ಒಣ ಹೂವನ್ನು ಗೋಂದಿನಿಂದ ಅಂಟಿಸಿ ಹೂಬಿಟ್ಟ ಗಿಡವೆಂದು ಮಾರುವುದೂ ಉಂಟು. ಹೊಸಬರು ಇವೆರಡನ್ನೂ ಬಿಡುವುದು ಲೇಸು.

ಕತ್ತರಿಸಿದ ತುಂಡನ್ನು ಅಂದೇ ನೆಡಬಾರದು. ಗಾಯವು ಒಣಗಿ ಗಟ್ಟಿ ಪೊರೆ ಕಟ್ಟುವವರೆಗೆ, ಎಂದರೆ ಒಂದು ವಾರದಿಂದ ಹತ್ತು ದಿವಸ, ನೆರಳಿನಲ್ಲಿ ಬಿಡಬೇಕು. ದೊಡ್ಡಪತ್ರೆಗೆ ಒಂದು ದಿನ ಸಾಕು. ಕುಂಡವು ಮಣ್ಣಿನದಾದರೆ ಉತ್ತಮ; ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಅಂದದ ಬಟ್ಟಲು ಕಳ್ಳಿಗೆ ಬಾವಿಯಿದ್ದಂತೆ. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಉಪಯೋಗಿಸಬಾರದು. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಗರಸು ಇಲ್ಲವೆ ಇಟ್ಟಿಗೆಯ ಚೂರು ಒಂದು ಪಾಲು, ಅದಕ್ಕೆ ಒಂದು ಹಿಡಿ ಚೆನ್ನಾಗಿ ಹಳತಾದ ಕುರಿಗೊಬ್ಬರ: ಇಷ್ಟರಲ್ಲಿ ಯಾವುದೂ ನಮ್ಮ ಊರುಗಳಲ್ಲಿ ಸಿಕ್ಕದ್ದಲ್ಲ. ನೆಲದಲ್ಲಿಯೇ ನೆಡುವುದಾದರೆ ಇದೇ ಮಿಶ್ರಣದಿಂದ ಒಂದು ಗೇಣು ಎತ್ತರದ ದಿಬ್ಬವನ್ನು ಮಾಡಿ, ಸುತ್ತಲೂ ಕಲ್ಲು ಜೋಡಿಸಿ, ಮಳೆಯ ನೀರು ನಿಲ್ಲದೆ ಹರಿದುಹೋಗುವಂತೆ ಇಳಿಜಾರಿನಲ್ಲಿ ನೆಡಬೇಕು. ಮೊಳಕಾಲ್ಮೂರಿನ ಬಂಡೆಗುಡ್ಡಗಳಲ್ಲಿ ಕಳ್ಳಿಯು ಎಲ್ಲಿ ನಿಂತಿದೆಯೆಂದು ನೋಡಿದವರಿಗೆ ಬೇರೆ ಪಾಠವು ಅನಾವಶ್ಯಕ.

ನೀರಿನ ವಿಷಯದಲ್ಲಿ ವಾರದ ಲೆಕ್ಕಕ್ಕಿಂತ ಮಳೆಯ ಲೆಕ್ಕವೇ ನಮ್ಮವರಿಗೆ ಸುಲಭ. ನೆಟ್ಟ ಮೇಲೆ ಒಂದು ವಾರ ನೀರು ಬೇಡ. ಬೇಸಗೆಯಲ್ಲಿ ಕುಂಡದ ಗಿಡಕ್ಕೆ ಎಂಟು ಹತ್ತು ದಿವಸಕ್ಕೊಮ್ಮೆ, ಹೊತ್ತಿಳಿದ ಮೇಲೆ, ತಳದ ತೂತಿನಿಂದ ಹೊರಬರುವಷ್ಟು ಕೊಟ್ಟು, ಮಣ್ಣು ಪೂರ್ತಿ ಒಣಗುವ ತನಕ ಮತ್ತೆ ಮುಟ್ಟಬಾರದು. ಒಂದು ಒಣ ಕಡ್ಡಿಯನ್ನು ತಳದವರೆಗೆ ಚುಚ್ಚಿ ತೆಗೆದರೆ, ಅದಕ್ಕೆ ಹಸಿ ಮಣ್ಣು ಅಂಟಿದಷ್ಟು ದಿನ ನೀರಿನ ಅಗತ್ಯವಿಲ್ಲ. ರೋಹಿಣಿ ಮಳೆಯು ಬಿದ್ದ ತರುವಾಯ ಆಕಾಶವೇ ನೋಡಿಕೊಳ್ಳುವುದು. ಉತ್ತರೆಯಿಂದ ಚಿತ್ತೆಯವರೆಗೆ ಮಳೆ ಹಿಡಿದು ಹೊಡೆದಾಗ ಕುಂಡಗಳನ್ನು ಸೂರಿನ ಕೆಳಗೆ ಸರಿಸಬೇಕು. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಕೊಟ್ಟರೆ ಯಥೇಷ್ಟ. ನೆಲದಲ್ಲಿ ಬೇರೂರಿದ ಚದುರಕಳ್ಳಿ, ಕತ್ತಾಳೆಗಳಿಗೆ ಮೊದಲನೆಯ ವರ್ಷ ಕಳೆದ ಮೇಲೆ ನಾವು ನೀರು ಕೊಡಬೇಕಾದದ್ದೇ ಇಲ್ಲ. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಮೇಲೆ ಬಿಳಿಯ ಉಪ್ಪು ಕಟ್ಟುವುದು. ಒಂದು ಹಂಡೆ ಮಳೆನೀರನ್ನು ಹಿಡಿದಿಟ್ಟರೆ ಹತ್ತು ಕುಂಡಗಳಿಗೆ ಬಹುದಿನ ಸಾಕಾಗುತ್ತದೆ.

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು ೧೯೩೩ರ ತರುವಾಯ ಮೊದಲ ಬಾರಿಗೆ ೨೦೨೨ರಲ್ಲಿ ಕೋಡಿಬಿದ್ದುದು ಎಲ್ಲರ ನೆನಪಿನಲ್ಲಿಯೂ ಇರಬಹುದು. ಆ ವರ್ಷ ವೇದಾವತಿಯನ್ನು ಕಂಡು ಹಿಗ್ಗದವರಿಲ್ಲ. ಆದರೆ ಅಂಗಳದಲ್ಲಿ ಮಳೆಗೆ ಬಿಟ್ಟ ಕುಂಡದ ಕ್ಯಾಕ್ಟಸುಗಳು ಬುಡ ಮೆತ್ತಗಾಗಿ, ಕಂದುಬಣ್ಣಕ್ಕೆ ತಿರುಗಿ, ಒಂದೊಂದಾಗಿ ಒರಗಿದುವು. ಬರಗಾಲವನ್ನು ಗೆಲ್ಲುವ ಗಿಡವು ಸಮೃದ್ಧಿಯಲ್ಲಿ ಸಾಯುವುದೆಂಬುದನ್ನು ಬೋಧಿಸಲು ಯಾವ ಉಪಾಧ್ಯಾಯಿನಿಗೂ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು. ಬುಡ ಕೊಳೆತ ಗಿಡವನ್ನು ಉಳಿಸಬೇಕಾದರೆ ಮೇಲಿನ ಗಟ್ಟಿ ಭಾಗವನ್ನು ಶುದ್ಧವಾದ ಕತ್ತಿಯಿಂದ ಕೊಯ್ದು, ಕೊಯ್ದ ಜಾಗದಲ್ಲಿ ಕಂದುಕಲೆ ಕಾಣಿಸದ ತನಕ ತೆಗೆದು, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡುವುದೊಂದೇ ಮಾರ್ಗ.

ಬಿಸಿಲಿನಲ್ಲಿಯೂ ಒಂದು ಎಚ್ಚರಿಕೆ ಬೇಕು. ಕಳ್ಳಿಯೆಂದಮೇಲೆ ಎಷ್ಟು ಬಿಸಿಲಾದರೂ ಸರಿಯೆಂದು ತಿಳಿದು, ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು ಅಂಗಡಿಯಿಂದ ತಂದ ದಿನವೇ ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಸಿಪ್ಪೆ ಬೆಂದು ಬಿಳಿಯ ಕಲೆ ಬೀಳುವುದು, ಅದು ಮಾಯುವುದಿಲ್ಲ. ಮೊದಲು ಬೆಳಗಿನ ಬಿಸಿಲು ಮಾತ್ರ ತಾಗುವಲ್ಲಿ ಇರಿಸಿ, ಎರಡು ಮೂರು ವಾರಗಳಲ್ಲಿ ಕ್ರಮವಾಗಿ ಬಯಲಿಗೆ ತರಬೇಕು. ಹೊಸದಾಗಿ ಬೋರ್ಡಿಂಗಿಗೆ ಸೇರಿದ ಬಾಲಿಕೆಯನ್ನು ನೋಡಿಕೊಳ್ಳುವಂತೆಯೇ ಎನ್ನಬಹುದು.

ಹತ್ತಿಯಂತೆ ಬಿಳಿಯದಾಗಿ ಅಂಟಿಕೊಳ್ಳುವ ಹಿಟ್ಟುತಿಗಣೆಯು ಈ ಗಿಡಗಳ ಮುಖ್ಯ ಪೀಡೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಚಿಮುಕಿಸಿದರೆ ಸಾಮಾನ್ಯವಾಗಿ ಹೋಗುವುದು. ಪಾಪಾಸುಕಳ್ಳಿಯ ಮೇಲೆ ಇದರಂತೆಯೇ ಕಾಣುವ ಇನ್ನೊಂದು ಹುಳುವನ್ನು ಹಿಸುಕಿದರೆ ರಕ್ತದಂತಹ ಬಣ್ಣ ಬರುವುದು. ಇದಕ್ಕೊಂದು ಚರಿತ್ರೆಯುಂಟು. ಆ ಜಾತಿಯ ಹುಳುಗಳಿಂದ ಬರುವ ಕಡುಗೆಂಪು ಬಣ್ಣವು ಒಂದು ಕಾಲದಲ್ಲಿ ಸ್ಪೇನ್ ದೇಶದವರ ಕೈಯಲ್ಲಿದ್ದ ದೊಡ್ಡ ವ್ಯಾಪಾರ. ಬಣ್ಣದ ಬೆಲೆ ಏನೆಂಬುದನ್ನು ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮನೆಯ ಮಕ್ಕಳಿಗೆ ನಾವು ವಿವರಿಸಬೇಕಾಗಿಲ್ಲ. ಆ ಲಾಭವನ್ನು ಬಯಸಿ ೧೮ನೆಯ ಶತಮಾನದ ಕೊನೆಯಲ್ಲಿ ಕಂಪೆನಿಯವರು ಈ ದೇಶದಲ್ಲಿ ಪಾಪಾಸುಕಳ್ಳಿಯನ್ನು ಬೆಳೆಸಲು ಪ್ರಯತ್ನಿಸಿದರು. ಮದರಾಸಿನಲ್ಲಿ ಡಾಕ್ಟರ್ ಜೇಮ್ಸ್ ಆಂಡರ್ಸನ್ನರು ಅದಕ್ಕಾಗಿ ತೋಟವನ್ನೇ ಮಾಡಿದರು. ೧೭೯೫ರಲ್ಲಿ ಬ್ರೆಜಿಲಿನಿಂದ ಹುಳುವೂ ಬಂದಿತು. ಆದರೆ ಅದು ಬೇಕಾದ ಜಾತಿಯಾಗಿರಲಿಲ್ಲ. ಬಣ್ಣದ ವ್ಯಾಪಾರವು ಕೈಗೂಡಲಿಲ್ಲ. ಪಾಪಾಸುಕಳ್ಳಿಯ ಜಾತಿಗಳು ಮಾತ್ರ ದಕ್ಷಿಣದೇಶದ ಹೊಲಗಾವಲುಗಳಲ್ಲಿ ಹಬ್ಬಿ ರೈತರಿಗೆ ಪೀಡೆಯಾದುವು. ೧೯೨೬ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಹುಳುವನ್ನು ತರಿಸಿ ಬಿಟ್ಟ ಮೇಲೆ, ಕೆಲವೇ ವರ್ಷಗಳಲ್ಲಿ ಆ ಪೊದೆಗಳು ಬಹುಮಟ್ಟಿಗೆ ನಾಶವಾದುವು. ಆದಕಾರಣ ಪಾಪಾಸುಕಳ್ಳಿಯನ್ನು ಬೆಳೆಸುವವರು ಅದರ ತುಂಡುಗಳನ್ನು ಬೇಲಿಯಾಚೆ ಎಸೆಯಲೇಬಾರದು. ಬಿದ್ದಲ್ಲಿ ಬೇರು ಬಿಡುವ ಗಿಡವದು. ಅದನ್ನು ಪೂರ್ತಿ ಒಣಗಿಸಿ ಸುಡುವುದು ವಿಹಿತ.

ಚಿಕ್ಕ ಮಕ್ಕಳಿರುವ ಮನೆಗೆ ಎರಡು ಮಾತು. ಕಳ್ಳಿಯ ಹಾಲು ಕಣ್ಣಿಗೆ ಬಹಳ ಅಪಾಯಕರ. ಕತ್ತರಿಸುವಾಗ ಕೈಚೀಲ ಧರಿಸಬೇಕು. ಕಣ್ಣಿಗೆ ಸಿಡಿದರೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು, ಮನೆಮದ್ದಿಗೆ ಕಾಯಬಾರದು. ಕತ್ತಾಳೆಯ ಎಲೆಯ ತುದಿಯು ಸೂಜಿಯಂತಿರುವುದರಿಂದ ಮಕ್ಕಳು ಓಡಾಡುವ ದಾರಿಗೆ ಅದನ್ನು ಹತ್ತಿರ ನೆಡಬಾರದು. ಹೀಗೆ ಜಾಗವನ್ನು ಅರಿತು ನೆಟ್ಟರೆ ಮುಳ್ಳಿನಿಂದ ಕೇಡಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಗಿಡದ ಆಸೆಯಿಂದ ಗುಡ್ಡಕ್ಕೆ ಹೋಗಿ ಬೇರುಸಹಿತ ಕಿತ್ತು ತರುವುದನ್ನು ನಾವು ಒಪ್ಪುವುದಿಲ್ಲ. ಬ್ರಹ್ಮಗಿರಿಯ ಕಡೆಯ ಗುಡ್ಡಗಳಾಗಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಾಗಲಿ ನೋಡುವವರಿಗೆ ಬರಡಾಗಿ ಕಾಣಬಹುದು. ಅಲ್ಲಿಯ ಒಂದೊಂದು ಪೊದೆಯ ಆಶ್ರಯದಲ್ಲಿ ಹಕ್ಕಿ, ಓತಿ, ಹುಳುಗಳ ಸಂಸಾರವೇ ಇರುತ್ತದೆ. ರಸವತ್ತಾದ ಕಳ್ಳಿಗಳನ್ನೂ ಕ್ಯಾಕ್ಟಸುಗಳನ್ನೂ ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳುಂಟು. ೧೯೭೬ರಲ್ಲಿ ಭಾರತವೂ ಆ ಒಪ್ಪಂದಕ್ಕೆ ಸೇರಿತು. ಒಂದು ತುಂಡು ಕಡ್ಡಿಯಿಂದ ಗಿಡವಾಗುವಾಗ ಬೇರನ್ನು ಕೀಳುವ ಅಗತ್ಯವೇನು?

‘ಇವೆಲ್ಲ ಸರಿ, ಹೂವಿಲ್ಲದ ಅಂಗಳವು ಅಂಗಳವೇ?’ ಎಂದು ತಾಯಂದಿರು ಕೇಳಬಹುದು. ಹೂವಿಲ್ಲವೆಂದು ಯಾರು ಹೇಳಿದರು? ಲೋಳೆಸರವು ಹಳದಿಯ ಗೊನೆಯನ್ನು ಎತ್ತುತ್ತದೆ. ಕಾಡುಬಸಳೆಯು ಗಂಟೆಗಳಂತೆ ತೂಗುವ ಹೂಗಳನ್ನು ಬಿಡುತ್ತದೆ. ಮಡಗಾಸ್ಕರದ ಮುಳ್ಳುಗಿಡವು ವರ್ಷದ ಹೆಚ್ಚು ಭಾಗ ಕೆಂಪಾಗಿಯೇ ಇರುತ್ತದೆ. ಡ್ರ್ಯಾಗನ್ ಹಣ್ಣೆಂದು ಈಗ ರೈತರು ಬೆಳೆಯುತ್ತಿರುವುದೂ ಕ್ಯಾಕ್ಟಸ್ ವಂಶದ ಬಳ್ಳಿಯೇ. ಅದರ ದೊಡ್ಡ ಬಿಳಿಯ ಹೂವು ರಾತ್ರಿಯಲ್ಲಿ ಅರಳಿ ಬೆಳಗಾದ ಮೇಲೆ ಬಾಡುವುದು. ಕತ್ತಾಳೆಯಂತೂ ಹಲವು ವರ್ಷ ಮೌನವಾಗಿದ್ದು, ಮರದೆತ್ತರದ ಹೂಗಂಬವನ್ನು ಒಂದೇ ಸಲ ಎತ್ತಿ, ಮರಿಗಳನ್ನು ಬಿಟ್ಟು ತಾನು ಒಣಗುತ್ತದೆ. ಯೆಶಾಯ ಪ್ರವಾದಿಯ ಗ್ರಂಥದ ೩೫ನೆಯ ಅಧ್ಯಾಯವನ್ನು ನಮ್ಮ ಬಾಲಿಕೆಯರು ಕಂಠಪಾಠಮಾಡಿದ್ದಾರೆ. ಅದರ ಅರ್ಥವನ್ನು ತೋರಿಸಲು ನಮಗೆ ದೂರದ ದೇಶಗಳ ಚಿತ್ರಪಟವು ಬೇಡ.

ಕಡೆಯದಾಗಿ ಒಂದು ವಿಜ್ಞಾಪನೆ. ಹಳೆಯ ವಿದ್ಯಾರ್ಥಿನಿಯರು ಶಾಲೆಯ ಹಬ್ಬಕ್ಕೆ ಬರುವಾಗ ಪ್ರೀತಿಯಿಂದ ಗುಲಾಬಿಯ ಕುಂಡಗಳನ್ನು ತರುವುದುಂಟು. ಆ ಪ್ರೀತಿಗೆ ನಾವು ಕೃತಜ್ಞರು. ಇನ್ನು ಮುಂದೆ ಅದಕ್ಕೆ ಬದಲಾಗಿ ತಮ್ಮ ಮನೆಯ ಕಳ್ಳಿಯ ಒಂದು ಒಣಗಿಸಿದ ತುಂಡನ್ನೋ ಲೋಳೆಸರದ ಮರಿಯನ್ನೋ ಕಾಗದದಲ್ಲಿ ಸುತ್ತಿ ತರಬೇಕೆಂದು ಕೋರುತ್ತೇವೆ. ಶಾಲೆಯ ತೆಂಕಣ ಗೋಡೆಯ ಬುಡದಲ್ಲಿ ಕಲ್ಲಿನ ಪಾತಿಯು ಸಿದ್ಧವಾಗಿದೆ. ಪೋಷಕ ಮಹನೀಯರಲ್ಲಿಯೂ ಒಂದು ಪ್ರಾರ್ಥನೆಯುಂಟು. ಅಂಗಳದ ಗಿಡಗಳನ್ನು ಬದಲಾಯಿಸಿದ್ದರಿಂದ ದಿನಕ್ಕೆ ಒಂದು ಕೊಡ ನೀರು ಉಳಿದರೆ, ಆ ಕೊಡವನ್ನು ಹೊರುವ ಹೊತ್ತನ್ನು ಮಗಳಿಗೆ ಕೊಡಿರಿ. ಆ ಅರ್ಧ ಗಂಟೆಯಲ್ಲಿ ಅವಳು ಏನು ಓದುವಳು, ಏನಾಗುವಳು ಎಂಬುದನ್ನು ಕಾಣುವ ಭಾಗ್ಯವನ್ನು ದೇವರು ನಿಮಗೂ ನಮಗೂ ಅನುಗ್ರಹಿಸಲಿ.